ಲಗ್ನಪತ್ರಿಕೆಗಳಿಗೊಂದು ಹೊಸ ಡಿಸ್ಕು

ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕರ ಓಣಿಯಲ್ಲಿ ಯಾರ ಮನೆಯಲ್ಲಿ ಲಗ್ನ ಗೊತ್ತಾದರೂ ಮೊದಲು ಸುದ್ದಿ ಮುಟ್ಟುತ್ತಿದ್ದುದು ಅನ್ನಪೂರ್ಣಾಳ ಪಡಸಾಲೆಗೆ. ಧಾರವಾಡದಲ್ಲಿ ಟೈಪಿಂಗ್ ಕಲಿತಿದ್ದ ಅವಳು, ಯಾವುದೋ ಆಫೀಸಿನವರು ಹರಾಜು ಹಾಕಿದ ಹಳೆಯ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ತಯಾರಿಸುತ್ತಿದ್ದಳು. ಗಂಡ ಮಹಾಂತಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು.

ಕಂಪ್ಯೂಟರು ಗುಣದಲ್ಲಿ ಒಳ್ಳೆಯದೇ, ಹೊಟ್ಟೆ ಮಾತ್ರ ಚಿಕ್ಕದು. ಗಣಪತಿ, ಬಸವಣ್ಣ, ವಿಠೋಬರ ಚಿತ್ರಗಳೇ ಅರ್ಧ ಡಿಸ್ಕು ತುಂಬಿಕೊಂಡಿದ್ದವು. ಹಿಂದಿನ ಜೋಡಿಯನ್ನು ಅಳಿಸಿದರೇ ಮುಂದಿನ ಜೋಡಿಗೆ ಜಾಗ.

೨೦೦೩ರ ಬೇಸಿಗೆಯಲ್ಲಿ ಪಕ್ಕದ ಮನೆಯ ಸತ್ತೆವ್ವ ಬಂದು ಕುಳಿತಳು. ಮಗ ರೋಹಿತನ ಲಗ್ನ ನಿಶ್ಚಯವಾಗಿತ್ತು.

“ಹ್ವಾದ ವರ್ಷ ನಮ್ಮ ಮಗಳ ಪತ್ರಿಕಿ ಮಾಡಿದ್ದೆಲಾ, ಅದನ್ನ ತಗದು ಹೆಸರಷ್ಟ ಬದಲಿ ಮಾಡವಾ.”

“ಅದನ್ನ ಅಳಸೀನಿ ಕಾಕೂ.”

ಸತ್ತೆವ್ವನ ಮುಖ ಸಣ್ಣದಾಯಿತು. “ಅಕಿ ಬಾಣಂತನಕ್ಕ ಬಂದು ಮನ್ಯಾಗ ಕುಂತಾಳ, ನೀ ಅಕಿ ಲಗ್ನಾನ ಅಳಸೀದಿ?”

ಆ ಮಾತು ಅನ್ನಪೂರ್ಣಾಳಿಗೆ ನಾಟಿತು. ಮರುದಿನವೇ ಇನ್ನೊಂದು ಡಿಸ್ಕು ತರಲು ಹುಬ್ಬಳ್ಳಿ ಬಸ್ಸು ಹತ್ತಿದಳು. ಕಂಪ್ಯೂಟರ್ ಅಂಗಡಿಯ ಯಲ್ಲಪ್ಪ ಅವಳ ಕಂಪ್ಯೂಟರಿನ ವಯಸ್ಸು ಕೇಳಿ ತಲೆ ಕೆರೆದುಕೊಂಡ.

“ಅಕ್ಕಾರ, ಆ ಕಾಲದ ಮಷೀನಿಗೆ ಈ ಡಿಸ್ಕು ಭಾಳ ದೊಡ್ಡದಾಗತೈತ್ರಿ. ಸಣ್ಣ ಡಿಸ್ಕು ಈಗ ಸಿಗಂಗಿಲ್ಲ. ನಡೀಲಿಲ್ಲಂದ್ರ ಫೋನ್ ಮಾಡ್ರಿ.”

ಹಳಿಯಾಳ ದಾಟಿ ಊರು ಸೇರುವವರೆಗೂ ಅವಳು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದಳು.

ಮನೆಯಲ್ಲಿ ಮಹಾಂತಪ್ಪ ಬೆಳಕಿಗೆ ಬ್ಯಾಟರಿ ದೀಪ ಹಿಡಿದ. ಅವಳು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಹಳೆಯ ಡಿಸ್ಕಿನ ಜೊತೆಗೆ ಹೊಸದನ್ನೂ ಜೋಡಿಸಿ ಗುಂಡಿ ಒತ್ತಿದಳು. ಪರದೆಯ ಮೇಲೆ ನಾಲ್ಕು ಸಾಲು ಮೂಡಿ ಹಾಗೇ ನಿಂತುಬಿಟ್ಟವು.

“ಮುಗೀತು ಕತಿ,” ಎಂದ ಮಹಾಂತಪ್ಪ.

ಹೊಸದನ್ನು ಬಿಡಿಸಿದರೆ ಕಂಪ್ಯೂಟರು ಸರಾಗವಾಗಿ ಏಳುತ್ತಿತ್ತು, ಜೋಡಿಸಿದರೆ ಮತ್ತೆ ಸ್ತಬ್ಧ. ಅನ್ನಪೂರ್ಣಾ ಎಸ್‌ಟಿಡಿ ಬೂತಿಗೆ ಓಡಿದಳು. ಯಲ್ಲಪ್ಪ ಬೇಸರಿಸದೆ ಎಲ್ಲವನ್ನೂ ವಿವರಿಸಿದ.

“ಹಳೇ ಕಂಪ್ಯೂಟರಿಗೆ ಅಷ್ಟು ದೊಡ್ಡ ಲೆಕ್ಕ ಬರಂಗಿಲ್ಲಂತ,” ಮರಳಿ ಬಂದು ಗಂಡನಿಗೆ ಹೇಳಿದಳು. “ಹೊಸ ಡಿಸ್ಕಿನ ಹಿಂದ ಸಣ್ಣ ತಂತಿ ಮುಳ್ಳು ಅದಾವು, ಅವುಗಳ ಮ್ಯಾಲೆ ಒಂದು ಸಣ್ಣ ಟೊಪ್ಪಿಗಿ ಐತಿ, ಅದನ್ನ ಬ್ಯಾರೆ ಜಾಗಾಕ್ಕ ಹಾಕಿದ್ರ ಹೊಸದು ತನ್ನ ದೊಡ್ಡಸ್ತಿಕಿ ಕಡಿಮಿ ತೋರಸತೈತಂತ.”

“ಅತ್ತಿ ಮನ್ಯಾಗ ಅಳಿಯಾ ಬಾಯಿ ಮುಚ್ಕೊಂಡು ಕುಂದರತಾನಲಾ, ಹಂಗ!” ಎಂದು ಮಹಾಂತಪ್ಪ ನಕ್ಕ.

ಟೊಪ್ಪಿಗೆ ಎಳ್ಳುಕಾಳಿಗಿಂತ ತುಸು ದೊಡ್ಡದು. ದಿನವಿಡೀ ಭಾರೀ ಕಾಗದದ ಸುರುಳಿ ಹೊರಳಿಸುವ ಮಹಾಂತಪ್ಪನ ಬೆರಳಿಗೆ ಅದು ಸಿಗಲೇ ಇಲ್ಲ, ಚಾಪೆಯ ಮೇಲೆ ಬಿದ್ದೇಬಿಟ್ಟಿತು. ಇಬ್ಬರೂ ಮಂಡಿಯೂರಿ ಹುಡುಕಿದರು. ಕೊನೆಗೆ ಅನ್ನಪೂರ್ಣಾ ಮುಳ್ಳು ತೆಗೆಯುವ ಚಿಮಟಿಗೆಯಿಂದ ಅದನ್ನು ಎತ್ತಿ, ಉಸಿರು ಬಿಗಿಹಿಡಿದು ಹೊಸ ಜಾಗದಲ್ಲಿ ಕೂರಿಸಿದಳು.

ಈ ಸಲ ಸಾಲುಗಳು ನಿಲ್ಲಲಿಲ್ಲ. ಪರದೆಯ ಮೇಲೆ ಎರಡು ಡಿಸ್ಕುಗಳ ಹೆಸರೂ ಒಂದರ ಕೆಳಗೊಂದು ಮೂಡಿದವು. ಅನ್ನಪೂರ್ಣಾ ಚಪ್ಪಾಳೆ ತಟ್ಟಿದ ಸದ್ದಿಗೆ ಸತ್ತೆವ್ವ ಗೋಡೆಯಾಚೆಯಿಂದ “ಏನಾತವಾ?” ಎಂದು ಕೂಗಿದಳು.

ಮಗಳ ಪತ್ರಿಕೆಯ ಅಚ್ಚಾದ ಪ್ರತಿ ಸತ್ತೆವ್ವನ ಟ್ರಂಕಿನಲ್ಲಿತ್ತು. ಅದನ್ನು ನೋಡಿ ಅನ್ನಪೂರ್ಣಾ ಅಕ್ಷರಕ್ಕಕ್ಷರ ಮತ್ತೆ ಟೈಪು ಮಾಡಿಟ್ಟಳು, ಪಕ್ಕದಲ್ಲೇ ರೋಹಿತನದನ್ನೂ ಸಿದ್ಧಮಾಡಿದಳು. ಸತ್ತೆವ್ವ ಇಬ್ಬರು ಮಕ್ಕಳ ಹೆಸರನ್ನೂ ಪರದೆಯ ಮೇಲೆ ಮುಟ್ಟಿ ಮುಟ್ಟಿ ನೋಡಿದಳು.

ಮುಂದೆ ಸಾಂಬ್ರಾಣಿ, ಜೋಯಿಡಾದಂಥ ಸುತ್ತಲಿನ ಊರುಗಳಿಂದಲೂ ಗಿರಾಕಿಗಳು ಬರತೊಡಗಿದರು. ಕೆಲಸ ಹೆಚ್ಚಿದಂತೆ ಮಹಾಂತಪ್ಪನೂ ಪಾಳಿ ಮುಗಿಸಿ ಬಂದು ಕೀಲಿಮಣೆಯ ಮುಂದೆ ಕುಳಿತ. ಒಂದೇ ಬೆರಳಲ್ಲಿ ತನ್ನ ಹೆಸರು ಟೈಪು ಮಾಡುತ್ತ ಕೊನೆಯ ಒತ್ತಕ್ಷರ ಸಿಗದೆ ಕಂಗಾಲಾದ. “ಇರಲಿ ಬಿಡ, ಇವತ್ತಿಗೆ ಮಹಾಂತಪ ಅಂತನ ಇರ್ತೇನಿ,” ಎಂದ. ಅನ್ನಪೂರ್ಣಾ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು.