ಫ್ಯೂಜ್ ಡಬ್ಬಿಯ ದಾರಗಳು

ಮೂವತ್ತೊಂದು ವರ್ಷ ಹುಮನಾಬಾದಿನ ಕಾಲೇಜೊಂದರಲ್ಲಿ ವಿದ್ಯುತ್ತಿನ ಪಾಠ ಮಾಡಿ ನಿವೃತ್ತನಾದ ನನಗೆ ಮನೆಯ ಬಲ್ಬು ಬದಲಿಸಲು ಇಂದಿಗೂ ಹೆಂಡತಿಯೇ ಬೇಕು. ಇದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ. ಕರೆಂಟಿನ ವಿಷಯ ಪೂರ್ತಿ ಓದಿದವನಿಗೆ ಅದನ್ನು ಮುಟ್ಟುವ ಧೈರ್ಯ ಬರುವುದಿಲ್ಲ. ಓದದವರೇ ಕಂಬ ಹತ್ತುತ್ತಾರೆ. ಹೀಗಿರುವಾಗ ನಾನು ಅಪ್ಪನ ಹಳೆಯ ಅಂಬಾಸಡರ್ ಕಾರಿನ ವೈರಿಂಗಿಗೆ ಕೈ ಹಾಕಿದ್ದು ಯಾಕೆ ಎಂದರೆ, ಅದರ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು.

ಸೋಮವಾರ ಬೀದರಿನಲ್ಲಿ ತಪಾಸಣೆ. ಹೆಡ್‌ಲೈಟ್ ಹತ್ತಬೇಕು, ಇಂಡಿಕೇಟರ್ ಮಿಣುಕಬೇಕು, ಹಾರ್ನ್ ಕೂಗಬೇಕು. ಇಲ್ಲದಿದ್ದರೆ ಕಾರು ಗುಜರಿಗೆ. ನನ್ನ ಹೆಂಡತಿ ಸುಮಿತ್ರಾ ಮೊದಲೇ ಹೇಳಿಬಿಟ್ಟಿದ್ದಳು: "ಈ ಸಲ ಪಾಸ್ ಆಗ್ಲಿಲ್ಲಂದ್ರ ಗುಜರಿಯವಂಗ ನಾನೇ ಫೋನ್ ಮಾಡ್ತೀನಿ ನೋಡ್ರಿ. ಅಂಗಳ ಕಾಣಲಾರದೇ ಎಷ್ಟು ವರ್ಷ ಆತು!" ನಮ್ಮೂರು ಬಸವಕಲ್ಯಾಣದ ಪೇಟೆಯಲ್ಲಿ ಅಪ್ಪನಿಗೆ ಬಟ್ಟೆ ಅಂಗಡಿ ಇತ್ತು. ಅಪ್ಪ ಹೋದ ಮೇಲೆ ಅಂಗಡಿ ಹೋಯಿತು, ಗಿರಾಕಿಗಳು ಹೋದರು, ಸಾವಕಾರರ ಮನೆ ಎಂಬ ಹೆಸರೂ ಹೋಯಿತು. ಉಳಿದದ್ದು ಈ ಕಾರೊಂದೇ. ಅದನ್ನು ತಕ್ಕಡಿಗೆ ಹಾಕಿ ತೂಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಗುರುವಾರ ಬಾನೆಟ್ ಎತ್ತಿದೆ. ನಮ್ಮ ಊರಿನ ಗುಣ ನಿಮಗೆ ಗೊತ್ತಿಲ್ಲ. ಇಲ್ಲಿ ಎಂಟುನೂರು ವರ್ಷಗಳ ಹಿಂದೆ ಶರಣರು ಕೂತು ಚರ್ಚೆ ಮಾಡಿದರಂತೆ. ಶರಣರು ಹೋದರು, ಚರ್ಚೆ ಉಳಿಯಿತು. ಬಾನೆಟ್ ಎತ್ತಿ ಐದು ನಿಮಿಷವಾಗಿರಲಿಲ್ಲ, ಓಣಿಯ ಆರೇಳು ಜನ ಸುತ್ತ ನಿಂತು ಅನುಭವ ಮಂಟಪ ಶುರುಮಾಡಿದರು. ಬ್ಯಾಟರಿ ಹೋಗಿದೆ ಎಂದು ಒಬ್ಬರು, ಅರ್ಥಿಂಗ್ ಇಲ್ಲ ಎಂದು ಇನ್ನೊಬ್ಬರು. ಜೀವನದಲ್ಲಿ ಸೈಕಲ್ ಕೂಡ ಇಟ್ಟಿರದ ಮೂರನೆಯವರು, ಇಂಜಿನ್ನೇ ಬದಲಿಸಿಬಿಡಿ ಎಂದರು. ಯಾರೂ ಕೈಗೆ ಎಣ್ಣೆ ಮೆತ್ತಿಸಿಕೊಳ್ಳಲಿಲ್ಲ.

ಫ್ಯೂಜ್ ಡಬ್ಬಿ ತೆರೆದರೆ ಒಳಗೆ ಒಂದು ಸಣ್ಣ ದೇವರ ಕೋಣೆ. ಪ್ರತಿ ದಸರೆಗೆ ಅಪ್ಪ ಇಂಜಿನ್ನಿಗೆ ಒಂದು ಬೊಟ್ಟು ಇಟ್ಟರೆ ಫ್ಯೂಜ್ ಡಬ್ಬಿಗೆ ಐದು ಇಡುತ್ತಿದ್ದರು. ಕೈಕೊಡುವ ದೇವರಿಗೇ ಪೂಜೆ ಜಾಸ್ತಿ ಎಂಬುದು ವ್ಯಾಪಾರಸ್ಥರ ಲೆಕ್ಕ. ಮೇಲಿಂದ ಒಡೆದ ತೆಂಗಿನಕಾಯಿಯ ನೀರು ವರ್ಷ ವರ್ಷ ಒಳಗಿಳಿದು ಹಿತ್ತಾಳೆಯ ತುದಿಗಳೆಲ್ಲ ಹಸಿರುಗಟ್ಟಿದ್ದವು. ಒಂದು ಫ್ಯೂಜಿನ ಜಾಗದಲ್ಲಿ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ, ಇನ್ನೊಂದರಲ್ಲಿ ಮೊಳೆ!

ಫ್ಯೂಜಿನ ಕೆಲಸವೇ ಸಾಯುವುದು. ಎಲ್ಲೋ ತಪ್ಪಾಗಿದೆ ಎಂದು ಹೇಳಲು ಅದು ಎಲ್ಲರಿಗಿಂತ ಮೊದಲು ಪ್ರಾಣ ಬಿಡುತ್ತದೆ. ನಮ್ಮಲ್ಲಿ ಅದು ಸತ್ತರೆ ತಪ್ಪು ಎಲ್ಲಿದೆ ಎಂದು ಹುಡುಕುವುದಿಲ್ಲ, ಸಾಯದಂಥದ್ದನ್ನು ತಂದು ಕೂಡಿಸುತ್ತೇವೆ. ಪ್ರಶ್ನೆ ಕೇಳುವ ಗುಮಾಸ್ತನನ್ನು ವರ್ಗ ಮಾಡಿ ತಲೆಯಾಡಿಸುವವನನ್ನು ತಂದ ಹಾಗೆ. ಕಾರು ಹೊತ್ತಿ ಉರಿದರೂ ಮೊಳೆಗೆ ಏನೂ ಆಗುವುದಿಲ್ಲ. ಅಂಥವರಿಗೇ ಬಡ್ತಿ.

ವೈರುಗಳು ಎಲ್ಲವೂ ಕೆಂಪು. ಒಂದೊಂದರ ತುದಿಗೂ ಗಂಟು ಗಂಟಾಗಿ ದಾರ ಕಟ್ಟಿತ್ತು. ಮಾಣಿಕನಗರದ ಗುಡಿಯದ್ದೋ ಯಾವುದೋ ದರ್ಗಾದ್ದೋ ಹರಕೆಯ ದಾರ ಎಂದು ನೋಡಿದ ಕೂಡಲೇ ತೀರ್ಮಾನಿಸಿದೆ. ಅರಿಶಿನ, ಕುಂಕುಮ, ಕಾಯಿನೀರು ಇದ್ದಲ್ಲಿ ದಾರ ಬೇರೆ ಏನಿರಲು ಸಾಧ್ಯ? ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ಮೂಢನಂಬಿಕೆ ದೇಶವನ್ನು ಹೇಗೆ ಹಾಳುಮಾಡಿದೆ ಎಂದು ಅನುಭವ ಮಂಟಪದ ಮುಂದೆ ಹತ್ತು ನಿಮಿಷ ಮಾತಾಡಿ, ಕತ್ತರಿ ತರಿಸಿದೆ.

"ಯಾರ್ ಕಟ್ಯಾರ, ಯಾಕ ಕಟ್ಯಾರ ಅಂತ ಒಂದು ಮಾತು ಕೇಳ್ರಿ. ಆಮ್ಯಾಲ ಕತ್ತರಸ್ರಿ" ಎಂದಳು ಸುಮಿತ್ರಾ.

"ಕರೆಂಟಿಗೆ ದೇವರಿಲ್ಲ" ಎಂದೆ. ಹದಿನಾಲ್ಕು ದಾರ ಕತ್ತರಿಸಿದೆ. ವೈರುಗಳನ್ನೆಲ್ಲ ಬಿಚ್ಚಿ, ಒರೆಸಿ, ಡಬ್ಬಿ ತೊಳೆದು, ಹೊಸ ಫ್ಯೂಜ್ ಕೂಡಿಸಿ, ನಾನೇ ಬರೆದ ನಕ್ಷೆಯ ಪ್ರಕಾರ ಮತ್ತೆ ಜೋಡಿಸಿದೆ. ನಕ್ಷೆ ಬಹಳ ಸುಂದರವಾಗಿತ್ತು. ಕೀಲಿ ತಿರುವಿ ಬ್ರೇಕ್ ತುಳಿದರೆ ಹಾರ್ನ್ ಕೂಗಿತು. ಹಾರ್ನ್ ಒತ್ತಿದರೆ ವೈಪರ್ ಎದ್ದು ಕೈಬೀಸಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯ ಹೆಡ್‌ಲೈಟ್ ಮಿಣುಕಿ ನನಗೆ ಕಣ್ಣು ಹೊಡೆಯಿತು. ಮಂಟಪದವರು ಬಹಳ ದಿನದ ಮೇಲೆ ಮನಸಾರೆ ನಕ್ಕರು.

ಶುಕ್ರವಾರ, ಶನಿವಾರ ಎರಡೂ ದಿನ ಹೆಣಗಿದೆ. ವೈಪರ್ ನಿಂತಿತು, ಅದರ ಜೊತೆಗೆ ಉಳಿದದ್ದೆಲ್ಲ ನಿಂತಿತು. ಸುಮಿತ್ರಾ ಗುಜರಿಯವನ ನಂಬರು ಹುಡುಕುತ್ತಿದ್ದಳು. ಮರ್ಯಾದೆ ಬದಿಗಿಟ್ಟು ಹುಮನಾಬಾದಿನ ರಸೂಲ್ ಉಸ್ತಾದರಿಗೆ ಫೋನ್ ಮಾಡಿದೆ. ಅಪ್ಪ ಈ ಕಾರನ್ನು ಮುಟ್ಟಲು ಬಿಟ್ಟ ಏಕೈಕ ಮೇಸ್ತ್ರಿ ಅವರು. ಎಂಬತ್ತು ದಾಟಿದೆ, ಗ್ಯಾರೇಜು ಮುಚ್ಚಿದ್ದಾರೆ, ಕಣ್ಣು ಮಂದ. ಆದರೂ ಭಾನುವಾರ ಮೊದಲ ಬಸ್ಸಿಗೆ ಬಂದರು. ಬಂದವರೇ ಫ್ಯೂಜ್ ಡಬ್ಬಿಯ ಸುತ್ತ ಬೆರಳಾಡಿಸಿ ನಿಂತುಬಿಟ್ಟರು.

"ದಾರ ಎಲ್ಲಿ ಹೋದವ್ರಿ?"

"ನಾನೇ ಕತ್ತರಿಸೀನ್ರಿ ಉಸ್ತಾದ. ಹರಕಿ ದಾರ ಅಂದ್ಕೊಂಡೆ."

ಉಸ್ತಾದರು ಬೆರಳು ಮಡಿಚಿ ಎಣಿಸತೊಡಗಿದರು. "ಸಣ್ಣ ಸಾವಕಾರ್ರೇ, ಒಂದು ಗಂಟು ಹಾರನ್. ಎರಡು ಗಂಟು ದೊಡ್ಡ ಲೈಟು. ಮೂರು ಗಂಟು ಇಂಡಿಕೇಟರ್. ರಾತ್ರಿ ರಸ್ತಾದಾಗ ಗಾಡಿ ನಿಂತ್ರ ವೈರಿನ ಬಣ್ಣ ಯಾರಿಗಿ ಕಾಣ್ತದ್ರಿ? ಬೆರಳಿಗಿ ಗಂಟು ಹತ್ತತದ. ಅದಕ ಕಟ್ಟಿದ್ದೆ. ನೀವು ಇಷ್ಟು ಓದೀರಿ..." ಎಂದು ಅಲ್ಲಿಗೇ ನಿಲ್ಲಿಸಿದರು. ಆ ಕಾರಿನಲ್ಲಿದ್ದ ವಿಜ್ಞಾನವೆಂದರೆ ಅದೊಂದೇ, ಅದನ್ನು ಮೂಢನಂಬಿಕೆ ಎಂದು ಕತ್ತರಿಸಿದ ಪ್ರಾಧ್ಯಾಪಕ ನಾನು. ಸುಮಿತ್ರಾ ಚಹಾ ತಂದು ಉಸ್ತಾದರಿಗೆ ಕೊಟ್ಟಳು, ನನಗೆ ತರಲಿಲ್ಲ.

ಆಮೇಲೆ ಉಸ್ತಾದರು ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ನನ್ನ ಕೈಯಿಂದ ಕೆಲಸ ಮಾಡಿಸಿದರು. ಒಂದು ಸಣ್ಣ ಬಲ್ಬು, ಎರಡು ತುಂಡು ವೈರು. ಒಂದೊಂದೇ ತಂತಿಯ ಈ ತುದಿಗೆ ಬ್ಯಾಟರಿ ಮುಟ್ಟಿಸು, ಆ ತುದಿಗೆ ಬಲ್ಬು ಹಿಡಿದು ನೋಡು. ನನ್ನ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕದ ಮೊದಲ ಪುಟದಲ್ಲೇ ಇದು ಇತ್ತು. ಪ್ರತಿ ವರ್ಷ ನಾನೇ ಸಹಿ ಹಾಕುತ್ತಿದ್ದೆ. ಇದು ಕೆಲಸಕ್ಕೂ ಬರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಬಲ್ಬು ಹಿಡಿದ ಸುಮಿತ್ರಾ ಕಾರಿನ ಹಿಂದಿನಿಂದ "ಹತ್ತಿತು" ಎಂದು ಕೂಗಿದಾಗಲೆಲ್ಲ ಒಂದು ತಂತಿಗೆ ಹೆಸರು ಸಿಗುತ್ತಿತ್ತು. ದಾರ ಕಟ್ಟುವ ಕೆಲಸ ಅವಳೇ ಮಾಡಿದಳು. ನನ್ನ ಕೈಗೆ ದಾರ ಕೊಡಲು ಇಬ್ಬರೂ ಒಪ್ಪಲಿಲ್ಲ.

ಸಂಜೆಯ ಹೊತ್ತಿಗೆ ಹದಿಮೂರು ತಂತಿಗೆ ನೆಲೆ ಸಿಕ್ಕಿತು. ಉಳಿದದ್ದು ಒಂದು. ಅದು ಇಂಜಿನ್ನಿನಿಂದ ಹೊರಟು, ಚಾಪೆಯ ಕೆಳಗೆ ಹಾದು, ಡ್ರೈವರನ ಪಕ್ಕದ ಸೀಟಿನಡಿ ಒಂದು ಪುಟ್ಟ ಗುಂಡಿಗೆ ಹೋಗಿ ಮುಟ್ಟಿತ್ತು. ಇದೇನು ಎಂದು ಕೇಳಿದೆ. ಉಸ್ತಾದರು ಗಡ್ಡ ಕೆರೆದುಕೊಂಡರು.

"ಈಗ ಹೇಳಿದ್ರ ಏನೂ ಆಗಲ್ಲ ಬಿಡ್ರಿ. ಅದು ಒತ್ತಿದ್ರ ಇಂಜಿನ್ ಬಂದ್. ನೀವು ಹೊಸದಾಗಿ ಗಾಡಿ ಕಲ್ತಾಗ ಭಾಳ ಜೋರ್ ಹೊಡೀತಿದ್ರಿ. ದೊಡ್ಡ ಸಾವಕಾರ್ರು ಬಾಜೂ ಕೂತು ಒತ್ತತಿದ್ರು."

ನಾನು ಅಲ್ಲೇ ಕಾರಿಗೆ ಒರಗಿ ನಿಂತೆ. ನೆನಪಾಯಿತು. ಹುಮನಾಬಾದ್ ರಸ್ತೆಯಲ್ಲಿ ವೇಗ ಏರಿದಾಗಲೆಲ್ಲ ಕಾರು ಉಸಿರು ಬಿಟ್ಟು ನಿಲ್ಲುತ್ತಿತ್ತು. ನಾನು ಬಾನೆಟ್ ಎತ್ತಿ ಹುಡುಕುತ್ತಿದ್ದೆ, ಅಪ್ಪ ಕಿಟಕಿಯಾಚೆ ಹೊಲ ನೋಡುತ್ತ ಕೂತಿರುತ್ತಿದ್ದರು. ಅದು ಯಾಕೆ ನಿಲ್ಲುತ್ತದೆ ಎಂದು ತಿಳಿಯಬೇಕೆಂಬ ಹಟದಿಂದಲೇ ನಾನು ಭೌತಶಾಸ್ತ್ರ ಓದಿದ್ದು. ಕೊನೆಗೆ ಉತ್ತರವನ್ನೂ ಕಂಡುಹಿಡಿದಿದ್ದೆ: ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತದೆ. ಮೂವತ್ತೊಂದು ವರ್ಷ ತರಗತಿಯಲ್ಲಿ ಅದನ್ನು ಸ್ವಂತ ಅನುಭವದ ಉದಾಹರಣೆಯಾಗಿ ಹೇಳಿದ್ದೇನೆ. ಈಗ ಅದೇ ವಿದ್ಯಾರ್ಥಿಗಳಲ್ಲಿ ನಾಲ್ಕು ಮಂದಿ ಅದನ್ನೇ ಪಾಠ ಮಾಡುತ್ತಿದ್ದಾರೆ.

ಸಿಟ್ಟು ಬಂತು. "ಬೈಬಹುದಿತ್ತಲ್ಲ ಉಸ್ತಾದ?"

"ಬೈದ್ರ ನೀವು ಕೇಳೋರೇನ್ರಿ? ಹರೇದ ಮಗನ ಜೋಡಿ ಜಗಳ ಆಡಿದ್ರ ಮನಿ ಬಿಟ್ಟ ಹೋಗ್ತಾನ, ಅಪವಾದ ಗಾಡಿ ಮ್ಯಾಲ ಹೋಗ್ಲಿ ಅಂದ್ರು."

ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಅಪ್ಪ ಬಂದರು. ಉಸ್ತಾದರು ಇಕ್ಕಳ ಎತ್ತಿ, "ಈ ವೈರ್ ಕಡದ ಹಾಕ್ರಿ, ಈಗ ಕೆಲಸ ಇಲ್ಲ ಅದಕ್ಕ" ಎಂದರು. ನಾನು ಕೈ ಚಾಚುವಷ್ಟರಲ್ಲಿ ಸುಮಿತ್ರಾ, "ಇರ್ಲಿ ಬಿಡ್ರಿ, ಹಿರಿಯರು ಇಟ್ಟಿದ್ದು" ಎಂದು ಅದನ್ನೂ ಅದರ ಜಾಗಕ್ಕೆ ಸಿಗಿಸಿ ಒಂದು ದಾರ ಕಟ್ಟಿಬಿಟ್ಟಳು. ಹಿರಿಯರ ಮೇಲೆ ಅವಳಿಗೆ ಇಷ್ಟು ಗೌರವ ಇರುವುದು ನನಗೆ ಅಂದೇ ತಿಳಿದದ್ದು.

ಸೋಮವಾರ ಹೆಡ್‌ಲೈಟ್ ಹತ್ತಿತು, ಇಂಡಿಕೇಟರ್ ಮಿಣುಕಿತು, ಹಾರ್ನ್ ತನ್ನ ಗುಂಡಿಗೇ ಕೂಗಿತು. ತಪಾಸಣೆಯವರು ಫ್ಯೂಜ್ ಡಬ್ಬಿ ತೆರೆದು, ಈ ದಾರಗಳೇನು ಎಂದು ಕೇಳಿದರು. ವೈಜ್ಞಾನಿಕ ವಿವರಣೆ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಹರಕೆಯದ್ದು" ಎಂದೆ. ಅವರು ಕಣ್ಣಿಗೊತ್ತಿಕೊಂಡು ಡಬ್ಬಿ ಮುಚ್ಚಿದರು. ಕಾರು ಪಾಸಾಯಿತು. ಇನ್ನೈದು ವರ್ಷ ಅಪ್ಪನ ಕಾರು ಅಂಗಳದಲ್ಲೇ ಇರುತ್ತದೆ.

ಮರಳುವಾಗ ಹಳ್ಳಿಖೇಡ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಗೆದ್ದ ಹುರುಪಿನಲ್ಲಿ ಒಂದನ್ನು ಹಿಂದೆ ಹಾಕಿದೆ, ಎರಡನೆಯದನ್ನು ಹಾಕಿದೆ. ಮೂರನೆಯದನ್ನು ದಾಟಿ ಕಾಲು ಇನ್ನಷ್ಟು ಒತ್ತಿದ್ದೆ, ಇಂಜಿನ್ ಉಸಿರು ಬಿಟ್ಟಿತು. ಕಾರು ತೆವಳುತ್ತ ರಸ್ತೆಯ ಬದಿಗೆ ಬಂದು ನಿಂತಿತು. ಪಕ್ಕದಲ್ಲಿ ಸುಮಿತ್ರಾ ಕಿಟಕಿಯಾಚೆಯ ಕಬ್ಬನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ನಾನು ಕೆಳಗಿಳಿಯಲಿಲ್ಲ, ಬಾನೆಟ್ ಎತ್ತಲಿಲ್ಲ.

"ಎಷ್ಟರಾಗ ಹೋಗ್ಲಿ?" ಎಂದು ಕೇಳಿದೆ.

"ನಲವತ್ತು ಸಾಕ್ರಿ" ಎಂದಳು. ಕಾರು ಚಾಲೂ ಆಯಿತು.