ಬಂಗುಡೆ ಹತ್ತುವ ಬೆಟ್ಟ

ಗೋಲ್ಫ್ ಅಂದ್ರೆ ಎಂತ ಅಂತ ನಮ್ಮ ಬೋಳಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ, ಅದೂ ಪುಸ್ತಕ ಓದಿ. ಕಾಫಿ ಕಂಪೆನಿಯ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸ್ ಹೊರಡುವಾಗ ನಮ್ಮ ಮಾವನಿಗೆ ಒಂದು ಚರ್ಮದ ಚೀಲ ಕೊಟ್ಟು ಹೋದ. ಮಾವ ಅಂದ್ರೆ ಅಮ್ಮನ ತಮ್ಮ, ನಮ್ಮ ಮನೆಯ ಯಜಮಾನ, ಬಂದರಿನಲ್ಲಿ ಹೆಂಚಿನ ವ್ಯಾಪಾರ. ಚೀಲದಲ್ಲಿ ಉದ್ದುದ್ದ ಕೋಲುಗಳು, ಬಿಳಿ ಚೆಂಡುಗಳು, ಅಡಿಯಲ್ಲಿ ಗೆದ್ದಲು ತಿಂದ ಒಂದು ಸಣ್ಣ ಇಂಗ್ಲಿಷ್ ಪುಸ್ತಕ. ಕೋಲು ಮಾವ ಇಟ್ಟುಕೊಂಡ್ರು, ಪುಸ್ತಕ ನನಗೆ ಬಂತು. ಆಗ ನಾನು ಹೈಸ್ಕೂಲು ಮುಗಿಸಿ ಮಾವನ ಗೋಡೌನಿನಲ್ಲಿ ಟೈಪು ಕುಟ್ತಿದ್ದೆ. ಸ್ವಲ್ಪ ದಿನದಲ್ಲೇ ಪುಸ್ತಕ ಬಾಯಿಪಾಠ. ಗೆದ್ದಲು ತಿಂದ ಜಾಗದಲ್ಲಿ ಎಂತ ಬರೆದಿತ್ತೋ, ಅದನ್ನು ನಾನೇ ಊಹೆ ಮಾಡಿ ತುಂಬಿಸಿದೆ.

ಆಡಲಿಕ್ಕೆ ಜಾಗ? ಹುಲ್ಲಿನ ಮೈದಾನ ದೊರೆಗಳಿಗೆ, ನಮಗೆ ನೇತ್ರಾವತಿ. ನೀರು ಇಳಿದಾಗ ಬೋಳಾರದ ಹೊಳೆಬದಿಯಲ್ಲಿ ಹೊಯಿಗೆ, ಅಂದ್ರೆ ಮರಳು, ಎದ್ದು ಕಾಣ್ತದಲ್ಲ, ಅದೇ ನಮ್ಮ ಗೋಲ್ಫ್ ಮೈದಾನ. ಒಂದು ತೆಂಗಿನ ಗೆರಟೆ ಹುಗಿದ್ರೆ ಗುಳಿ ಆಯ್ತು, ಚೆಂಡು ಅದರೊಳಗೆ ಬೀಳಬೇಕು, ಅಷ್ಟೇ. ಪುಸ್ತಕ ನೋಡಿ ಹೇಳುವುದು ನಾನು, ಕಚ್ಚೆ ಬಿಗಿದು ಹೊಡೆಯುವುದು ಮಾವ; ಅವರು ದಣಿದ್ರೆ ಕೋಲು ನನಗೆ.

"ಮಾವ, ತಲೆ ಎತ್ತಬೇಡಿ."

"ತಲೆ ಎತ್ತದೆ ಚೆಂಡು ಎಲ್ಲಿ ಹೋಯ್ತು ಅಂತ ಹೇಗೆ ನೋಡುವುದು ಮಾರಾಯ?"

"ಅದನ್ನು ನಾನು ನೋಡ್ತೇನೆ."

"ಹೊಡೆಯುವುದು ನಾನು, ನೋಡುವುದು ನೀನಾ? ಒಳ್ಳೆ ಆಟ!"

ದೋಣಿಯವರು ದೂರದಿಂದ ನೋಡಿ ನೋಡಿ ಕಡೆಗೆ ಒಂದಿನ ಕೇಳಿಯೇ ಬಿಟ್ರು: "ಧಣಿಗಳೇ, ಮರುವಾಯಿ ಚಿಪ್ಪು ಹೆಕ್ಕುವುದಾದ್ರೆ ಕೈಯಿಂದ ಹೆಕ್ಕಿದ್ರೆ ಸಾಕಲ್ಲ? ಅದಕ್ಕೆ ಕಬ್ಬಿಣದ ಕೋಲು ಎಂತಕ್ಕೆ?"

ಮಾವ ನಕ್ಕು ಬಿಟ್ರು. ನನಗೆ ನಗು ಬರಲಿಲ್ಲ. ಯಾಕೆ ಅಂದ್ರೆ ಪುಸ್ತಕದ ಚಿತ್ರದಲ್ಲೆಲ್ಲ ಇದ್ದದ್ದು ಹುಲ್ಲು. ಹುಲ್ಲಿನ ಮೇಲೆ ಚೆಂಡು ಮೊಟ್ಟೆ ಇಟ್ಟ ಹಾಗೆ ಕುಳಿತಿರ್ತದೆ, ಕೋಲು ಬೀಸಿದ್ರೆ ಆಕಾಶಕ್ಕೆ. ಹುಲ್ಲಿನ ಮೇಲಿಂದ ಒಂದೇ ಒಂದು ಚೆಂಡು ಸರಿಯಾಗಿ ಹೊಡೆಯಬೇಕು, ಅದಾಗದಿದ್ರೆ ನಾನು ಕಲಿತದ್ದು ಗೋಲ್ಫೋ ಮರುವಾಯಿ ಹೆಕ್ಕುವ ಕೆಲಸವೋ ಅಂತ ನನಗೇ ಗೊತ್ತಾಗ್ಲಿಕ್ಕಿಲ್ಲ. ರಾತ್ರಿ ಹಗಲು ಅದೇ ಯೋಚನೆ.

ಬಿಸು ಹಬ್ಬ ಕಳೆದು ಸೆಕೆ ಏರಿದಾಗ ಮಾವ ಚಾವಡಿಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆಯಿಂದ ಗಾಳಿ ಹಾಕ್ತಾ ಹೇಳಿದ್ರು, "ದೊರೆಗಳೆಲ್ಲ ಬೇಸಗೆಯಲ್ಲಿ ಬೆಟ್ಟಕ್ಕೆ ಹೋಗಿ ಇದೇ ಆಟ ಆಡ್ತಾರಂತೆ. ನಾವೂ ಒಂದು ವಾರ ಹೋದ್ರೆ ಹೇಗೆ? ಬೆಟ್ಟ ಯಾವುದು ಅಂತ ನೀನು ನೋಡು. ಅಕ್ಕ ಒಪ್ಪಿದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತೇನೆ. ಒಪ್ಪದಿದ್ರೆ ಇಬ್ಬರೂ ಇಲ್ಲೇ ಹೊಯಿಗೆ ತೋಡುವ."

ಅಕ್ಕ ಅಂದ್ರೆ ನನ್ನ ಅಮ್ಮ. ಯಜಮಾನ ಮಾವನಾದ್ರೂ ಅಮ್ಮ ಹೂಂ ಅನ್ನದೆ ಅವರು ಇಲ್ಲೇ ಹತ್ತಿರದ ಕುದ್ರೋಳಿಗೂ ಹೋದವರಲ್ಲ.

ನಾನು ಆ ದಿನವೇ ಶುರು. ಬಂದರಿನಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದೆ, ಯಾವ ಬೆಟ್ಟದಲ್ಲಿ ಹುಲ್ಲು ಒಳ್ಳೇದುಂಟು ಅಂತ. ದನಕ್ಕಾ ಅಂತ ಅವರು ನನ್ನನ್ನೇ ಕೇಳಿದ್ರು. ಊಟಿ, ಕೊಡೈಕನಾಲ್, ಮಡಿಕೇರಿ, ಮೂರನ್ನೂ ಮಾವನ ಮುಂದೆ ಇಟ್ಟೆ. ಮಾವನಿಗೆ ಹುಲ್ಲಿನ ಚಿಂತೆ ಇಲ್ಲ.

"ನಮ್ಮ ಹೆಂಚು ಯಾವ ಬೆಟ್ಟಕ್ಕೆ ಹೋಗಿದೆ, ಅದು ಹೇಳು. ಕೊಡೈಕನಾಲಿಗೆ ನಾನು ಒಂದು ಹೆಂಚೂ ಕಳಿಸಿಲ್ಲ. ಗುರ್ತ ಪರಿಚಯ ಇಲ್ಲದ ಊರಿಗೆ ಕೋಲು ಹಿಡ್ಕೊಂಡು ಹೋದ್ರೆ ಪೊಲೀಸರು ಹಿಡೀತಾರೆ."

ಕೊಡೈಕನಾಲ್ ಹೋಯ್ತು. ಊಟಿಯಲ್ಲೂ ಮಡಿಕೇರಿಯಲ್ಲೂ ಗೋಲ್ಫ್ ಆಡುವ ದೊರೆಗಳ ಬಂಗ್ಲೆಯ ಮಾಡಿಗೆ ಮಾವನ ಹೆಂಚೇ ಇತ್ತು. ದೊರೆಗಳು ಬಾರದ ಹೊತ್ತು ನೋಡಿ ಬಂದು ಆಡಿ ಅಂತ ಎರಡೂ ಕಡೆ ಬಂಗ್ಲೆ ನೋಡಿಕೊಳ್ಳುವವರು ಬಾಯಿಮಾತಿಗೆ ಹೇಳಿದ್ರಂತೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಊಟಿ. ಊಟಿಯ ಹೆಸರು ನನ್ನ ಪುಸ್ತಕದಲ್ಲೇ ಇತ್ತು! ಅಂದ್ರೆ ಅರ್ಧ ಹೆಸರು, ಉಳಿದದ್ದು ಗೆದ್ದಲಿಗೆ.

ಅಮ್ಮ ಅಡಿಗೆಮನೆಯಲ್ಲಿ ಕಡೆಯುವ ಕಲ್ಲಿನ ಮುಂದೆ ಕುಳಿತು ಮಸಾಲೆ ಕಡೀತಿದ್ರು. ನಾನು ಊಟಿಯ ಬಗ್ಗೆ ಶುರು ಮಾಡಿದೆ. ತಂಪು ಗಾಳಿ, ಪುಟ್ಟ ರೈಲು, ಗುಲಾಬಿ ಹೂ. ಅಮ್ಮ ಕೇಳಿ ಕೇಳಿ, ಕೈ ನಿಲ್ಲಿಸದೆ ಹೇಳಿದ್ರು:

"ಎಲ್ಲ ಸರಿ ಮಗಾ. ಅಲ್ಲಿ ಮೀನು ಉಂಟಾ?"

"ಮೀನು... ಅಮ್ಮ, ನಾವು ಹೋಗುವುದು ಗೋಲ್ಫಿಗೆ."

"ನೀನು ಗೋಲ್ಫಿಗೆ ಹೋಗ್ತೀ. ನಿನ್ನ ಮಾವ ಎಲ್ಲಿಗೆ ಹೋದ್ರೂ ಊಟಕ್ಕೆ ಹೋಗುವುದು. ಬೆಂಗಳೂರಿಗೆ ಹೋದದ್ದು ಮರೆತು ಹೋಯ್ತಾ? ಎರಡು ದಿನ ಬೇಳೆ ಸಾರು ತಿಂದು, ವ್ಯಾಪಾರ ಅರ್ಧಕ್ಕೇ ಬಿಟ್ಟು ಬಂದದ್ದು. ಬಸ್ಸಿಂದ ಇಳಿದವ ಮನೆಗೆ ಬರಲಿಲ್ಲ, ಸೀದಾ ಮೀನಿನ ಮಾರ್ಕೆಟಿಗೆ!"

ಚಾವಡಿಯಿಂದ ಮಾವನ ಸ್ವರ ಬಂತು: "ಅಕ್ಕ, ಅದು ಆಗ ನನಗೆ ಹುಷಾರಿರಲಿಲ್ಲ."

"ಹೌದು, ಬಂಗುಡೆ ಗಸಿ ಬಿದ್ದ ಕೂಡ್ಲೇ ಹುಷಾರಾಯ್ತು. ನೋಡು ಮಗಾ, ಮೀನು ಸಿಗುವ ಬೆಟ್ಟ ಹುಡುಕು. ಸಿಕ್ಕಿದ್ರೆ ನಾನೂ ಬರ್ತೇನೆ. ಸಿಗದಿದ್ರೆ ಯಾರೂ ಹೋಗ್ಲಿಕ್ಕಿಲ್ಲ."

ಗೋಲ್ಫಿನ ಪುಸ್ತಕದಲ್ಲಿ ಗಾಳಿ ನೋಡುವುದು, ಇಳಿಜಾರು ನೋಡುವುದು ಎಲ್ಲ ಇತ್ತು. ಮೀನು ನೋಡಬೇಕು ಅಂತ ಎಲ್ಲೂ ಇರಲಿಲ್ಲ. ಒಂದು ವೇಳೆ ಗೆದ್ದಲು ತಿಂದ ಪುಟದಲ್ಲಿ ಇತ್ತೋ ಏನೋ.

ಮರುದಿನ ಬಂದರಿಗೆ ಹೋಗಿ ಮೀನಿನ ಸಗಟು ವ್ಯಾಪಾರ ಮಾಡುವ ಬ್ಯಾರಿ ಸಾಹೇಬರನ್ನು ಹಿಡಿದೆ. ಅವರು ಬುಟ್ಟಿಗೆ ಉಪ್ಪು ಎರಚಿಸ್ತಾ ನಿಂತಿದ್ರು.

"ಸಾಹೇಬ್ರೇ, ನಿಮ್ಮ ಮೀನು ಊಟಿಗೆ ಹೋಗ್ತದಾ?"

"ಊಟಿಗಾ? ಇಲ್ಲಪ್ಪ. ಅಲ್ಲಿಗೆ ಕೋಳಿಕ್ಕೋಡಿನ ಮೀನು. ಅಲ್ಲಿ ಹೋಗಿ ಮುಟ್ಟುವಾಗ ಅದು ಮೀನಾ ಚಪ್ಪಲಿಯಾ ಅಂತ ಮೂಸಿ ಹೇಳಬೇಕು. ಯಾಕೆ?"

ನಾನು ವಿಷಯ ಹೇಳಿದೆ. ಅವರು ಹೊಟ್ಟೆ ಹಿಡ್ಕೊಂಡು ನಕ್ಕರು.

"ಧಣಿಗಳು ಬೆಟ್ಟಕ್ಕೆ ಹೋಗುವುದು ಬಂಗುಡೆ ತಿನ್ನಲಿಕ್ಕಾ? ಸಮುದ್ರದ ಬದಿಯಲ್ಲಿ ಸಾಕಾಗಲಿಲ್ವಾ? ಆಗಲಿ, ಮಡಿಕೇರಿಗೆ ಹೋಗಿ. ಬೆಳಿಗ್ಗೆಯ ಬಸ್ಸಿನ ಮೇಲೆ ನನ್ನ ಬುಟ್ಟಿ ಹೋಗ್ತದೆ. ಸಂಪಾಜೆ ಘಾಟಿ ಹತ್ತುವಾಗ ಮನುಷ್ಯರು ವಾಂತಿ ಮಾಡ್ತಾರೆ, ನನ್ನ ಬಂಗುಡೆಗೆ ಏನೂ ಆಗುವುದಿಲ್ಲ. ಧಣಿಗಳ ಹೆಸರಲ್ಲಿ ದಿನಾ ಒಂದು ಸಣ್ಣ ಬುಟ್ಟಿ ಬೇರೆ ಕಟ್ಟಿಸ್ತೇನೆ, ಕಂಡಕ್ಟರ್ ತಂದು ಕೊಡ್ತಾನೆ."

ಊಟಿಯ ಆಸೆ ಆ ಬುಟ್ಟಿಯ ಉಪ್ಪಿನಲ್ಲೇ ಮುಗೀತು. ಬೇಸರ ಆಗಲಿಲ್ಲ ಅಂತ ಹೇಳುವುದಿಲ್ಲ. ಬರುವ ದಾರಿಯಲ್ಲೆಲ್ಲ ಯೋಚನೆ ಮಾಡಿದೆ: ಊಟಿಗೇ ಹಟ ಹಿಡಿದ್ರೆ ಮನೆಯಲ್ಲೇ ಇರಬೇಕು. ಮಡಿಕೇರಿ ಅಂದ್ರೆ ನಾಳೆಯೇ ಹುಲ್ಲು. ಹುಲ್ಲಿಗೆ ಹೆಸರು ಎಂತಕ್ಕೆ?

ಮನೆಗೆ ಬಂದು "ಮಡಿಕೇರಿ" ಅಂದೆ. ಬುಟ್ಟಿಯ ವಿಷಯ ಹೇಳಿದ ಮೇಲೆ ಅಮ್ಮ ಕಡೆಯುವ ಕಲ್ಲನ್ನೇ ನೋಡಿದ್ರು.

"ಅಮ್ಮ, ಅದು ಬಸ್ಸಿಗೆ ಹತ್ತುವುದಿಲ್ಲ."

"ಮಸಾಲೆ ಕಡೆದು, ಹುರಿದು ತಕೊಂಡು ಹೋಗ್ತೇನೆ. ಅಷ್ಟು ಬುದ್ಧಿ ನನಗುಂಟು."

ಹೀಗೆ ನಾವು ಹೊರಟದ್ದು: ಗೋಲ್ಫಿನ ಚೀಲ, ಮಸಾಲೆಯ ಭರಣಿ, ಮೀನು ಬೇಯಿಸುವ ಮಣ್ಣಿನ ಬಿಸಲೆ. ಚೀಲವನ್ನು ಬಸ್ಸಿನ ಮೇಲೆ ಹಾಕಿದ್ರು, ಮೀನಿನ ಬುಟ್ಟಿಗಳ ಪಕ್ಕದಲ್ಲೇ. ಮಡಿಕೇರಿಯಲ್ಲಿ ಇಳಿಸುವಾಗ ದೊರೆಯ ಕೋಲಿಗೆಲ್ಲ ಬಂದರಿನದ್ದೇ ಪರಿಮಳ.

ಮರುದಿನ ಬೆಳಿಗ್ಗೆ ದೊರೆಗಳ ಆ ಬಂಗ್ಲೆಯ ಹತ್ತಿರ ನಿಂತು ನಾನು ಮೊದಲ ಸಲ ಅಂಥ ಹುಲ್ಲು ನೋಡಿದೆ. ಕಾಲಿಟ್ರೆ ಮೆತ್ತಗೆ. ಚೆಂಡು ಇಟ್ಟೆ, ಅದು ಚಿತ್ರದ ಹಾಗೇ ಕುಳಿತಿತು. ಬೀಸಿದೆ. ಹಾರಿದ್ದು ಚೆಂಡಲ್ಲ, ಹುಲ್ಲು, ಬೇರು ಮಣ್ಣು ಸಮೇತ. ಚೆಂಡು ಅಲ್ಲೇ ಉಂಟು. ನಮಗೆ ಅಭ್ಯಾಸ ಇದ್ದದ್ದು ಹೊಯಿಗೆಯಲ್ಲಿ ಅಡಿಯಿಂದ ತೋಡಿ ಹೊಡೆಯುವುದು, ನೋಡಿ! ಮಾವನದ್ದೂ ಅದೇ ಕಥೆ. ತೋಟದ ಮಾಲಿ ಓಡಿ ಬಂದು, "ಗೆಣಸು ನೆಡ್ಲಿಕ್ಕಾ ಸ್ವಾಮಿ?" ಅಂತ ಕೇಳಿದ.

ಆ ಮೈದಾನದಲ್ಲಿ ಒಂದು ಹೊಯಿಗೆಯ ಹೊಂಡ ಇತ್ತು. ಚೆಂಡು ಅದರಲ್ಲಿ ಬಿದ್ರೆ ದೊರೆಗಳು ತಲೆಗೆ ಕೈ ಇಡ್ತಾರಂತೆ. ಮಾವನ ಚೆಂಡು ಉರುಳಿ ಉರುಳಿ ಅಲ್ಲಿಗೇ ಬಿತ್ತು. ಮಾವ ಇಳಿದ್ರು, ಕಚ್ಚೆ ಸರಿ ಮಾಡಿದ್ರು, ಒಂದೇ ಏಟಿಗೆ ಚೆಂಡು ಗುಳಿಯ ಹತ್ತಿರ! ಮಾಲಿ ಬಾಯಿ ತೆರೆದು ನಿಂತ. ಮತ್ತೆ ಮಾವ ಅಲ್ಲಿಂದ ಮೇಲೆ ಬರಲೇ ಇಲ್ಲ. ಆ ವಾರವಿಡೀ ಚೆಂಡನ್ನು ಕೈಯಿಂದ ಹೊಂಡಕ್ಕೆ ಹಾಕಿ ಹಾಕಿ ಹೊಡೆದ್ರು. ಅಮ್ಮ ಬಂಗ್ಲೆಯಲ್ಲಿ ನಮ್ಮ ಹೆಂಚಿನ ಮಾಡಿನ ಅಡಿಯಲ್ಲಿ ಕುಳಿತು ಕರೆದು ಕೇಳಿದ್ರು, "ಬೋಳಾರದ ಹೊಯಿಗೆಗೆ ಎಂತ ಆಗಿತ್ತು? ಇದಕ್ಕೆ ಇಷ್ಟು ಮೇಲೆ ಹತ್ತಿಸಿದ್ರಾ ನನ್ನನ್ನು?"

ನಾನು ಮಾತ್ರ ಹುಲ್ಲು ಬಿಡಲಿಲ್ಲ. ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಹೊತ್ತು, ತೋಡಬಾರದು, ಸವರಬೇಕು ಅಂತ ನನಗೆ ನಾನೇ ಹೇಳ್ತಾ ಬೀಸಿದೆ. ಟಕ್ ಅಂತ ಸಣ್ಣ ಶಬ್ದ. ಕೈಗೆ ಏನೂ ತಾಗಲಿಲ್ಲ, ಗಾಳಿಯನ್ನು ಹೊಡೆದ ಹಾಗೆ. ತಲೆ ಎತ್ತಿ ನೋಡ್ತೇನೆ, ಚೆಂಡು ಬೆಟ್ಟದ ಆಚೆಯ ನೀಲಿಯಲ್ಲಿ ಸಣ್ಣ ಚುಕ್ಕೆ!

"ಮಾವ! ಅಮ್ಮ! ನೋಡಿದ್ರಾ?"

ಇಬ್ಬರೂ ನನಗೆ ಬೆನ್ನು ಹಾಕಿ ಬಗ್ಗಿ ನಿಂತಿದ್ರು. ಬಸ್ಸಿನ ಕಂಡಕ್ಟರ್ ಆಗಷ್ಟೇ ಬುಟ್ಟಿ ತಂದಿಟ್ಟಿದ್ದ. ಅಮ್ಮ ಒಂದು ಬಂಗುಡೆಯ ಕಿವಿರು ಎತ್ತಿ ತಾಜಾ ಉಂಟಾ ಅಂತ ನೋಡ್ತಿದ್ರು.

"ನೋಡಿದೆ ಮಗಾ," ಅಂದ್ರು ಮಾವ, ತಿರುಗದೆ. "ಕೆಂಪಗೆ ಉಂಟು. ಒಳ್ಳೆ ಬೆಟ್ಟ ಹುಡುಕಿದ್ದೀ."

ನಾನು ಚೆಂಡು ಹುಡುಕಲಿಕ್ಕೆ ಹೋದೆ. ಸಿಗಲಿಲ್ಲ. ಸಿಗದಷ್ಟು ದೂರ ಹೋಗಿತ್ತು.