ಹೊಗೆಗೂಡಿನ ಕೆಳಗೆ ಓದಿದ್ದು

"ನಮ್ಮ ಮನಿತನದಾಗ ಡಿಗ್ರಿ ಆಗೋ ಮಾತಲ್ಲ, ಬಿಡು" ಎಂದವನು ನನ್ನ ಸೋದರಮಾವ. ಬೆಟಗೇರಿಯಲ್ಲಿ ನಮ್ಮದು ಒಂದೇ ಕೋಣೆ. ಅರ್ಧ ಅವನ ಮಗ್ಗದ್ದು. ಆ ಸದ್ದಿನಲ್ಲಿ ಓದಲಾಗದೆಂದು ಅವ್ವ ನನ್ನನ್ನು ತಾನು ರೊಟ್ಟಿ ಬಡಿಯುತ್ತಿದ್ದ ಬಂಗ್ಲೆಗೆ ಕರೆದೊಯ್ದಳು.

ಬಂಗ್ಲೆಯ ಒಡತಿ ಆಯಿಯ ಮೊಣಕಾಲುಗಳು ತೆಂಗಿನಕಾಯಿಯಂತೆ ಬಾತಿದ್ದವು. ಕೆಂಪು ಉಣ್ಣೆಯ ಪಟ್ಟಿ ಸುತ್ತಿಕೊಂಡು ಮಹಡಿಯಲ್ಲೇ ಒಬ್ಬರೇ ಇರುತ್ತಿದ್ದರು. ಮದುವೆಯಾಗಿರಲಿಲ್ಲ. ಕೆಳಗಿಳಿದು ವರ್ಷಗಳಾಗಿದ್ದವು.

ಬಂಗ್ಲೆ ಕಟ್ಟಿಸಿದ್ದು ಹತ್ತಿ ವ್ಯಾಪಾರಿಯಾಗಿದ್ದ ಅವರ ಮುತ್ತಜ್ಜ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಬೀಡುಕಬ್ಬಿಣದ ಕಂಬ, ಕಮಾನು, ಬಣ್ಣದ ಗಾಜಿನ ಕಿಟಕಿ. ಯಾವುದೋ ಸಾಹೇಬನ ಮನೆ ನೋಡಿ ಬಂದು, ಗದಗಿನ ಈ ಬಿಸಿಲಲ್ಲಿ, ಕೆಳಗಿನ ಪಡಸಾಲೆಗೊಂದು, ಮೇಲಿನ ಕೋಣೆಗೊಂದು ಚಳಿ ಕಾಯಿಸುವ ಗೋಡೆಯೊಲೆ ಮಾಡಿಸಿದ್ದ. ಎರಡಕ್ಕೂ ಒಂದೇ ಹೊಗೆಗೂಡು.

"ಒಂದ ದಿನಾನೂ ಬೆಂಕಿ ಕಂಡಿಲ್ಲ. ನಮ್ಮ ಮುತ್ಯಾಗ ಸಾಹೇಬನ ಹುಚ್ಚು!" ಎಂದು ಆಯಿ ನಗುತ್ತಿದ್ದರು.

ನನ್ನ ಜಾಗ ಕೆಳಗಿನ ಒಲೆಯ ಮುಂದೆ. ಅವರ ಷರತ್ತು ಒಂದೇ: "ಬಾಯಿ ಬಿಟ್ಟು ಓದಬೇಕು." ಓದಿದ್ದು ಹೊಗೆಗೂಡಿನಲ್ಲಿ ಏರಿ ಅವರ ಕೋಣೆ ಮುಟ್ಟುತ್ತಿತ್ತು. ನೀರು ಕುಡಿಯಲು ನಿಲ್ಲಿಸಿದರೂ ಮೇಲಿನಿಂದ ದನಿ ಇಳಿಯುತ್ತಿತ್ತು: "ಯಾಕವಾ, ನಿದ್ದಿ ಬಂತೇನ? ನಾ ಇನ್ನೂ ಎಚ್ಚರ ಅದೀನಿ!"

"ಆಯಿ, ಈ ಅರ್ಥಶಾಸ್ತ್ರ ನಿಮಗ ತಿಳೀತೈತೇನ್ರಿ?"

"ತಿಳೀಲಿಲ್ಲಂದ್ರ ಏನಾತು? ಮನ್ಯಾಗ ಮಂದಿ ಅದಾರ ಅನಸ್ತೈತಿ."

ಎರಡನೆಯ ವರ್ಷ ಒಂದು ವಿಷಯದಲ್ಲಿ ಫೇಲಾದೆ. "ಹೇಳಿದ್ದಿಲ್ಲ?" ಎಂದ ಮಾವ. ಕಾಲೇಜು ಬಿಡುವುದೆಂದುಕೊಂಡು ಒಲೆಯ ಮುಂದೆ ಪುಸ್ತಕ ಮುಚ್ಚಿ ಕೂತೆ. ಆಗ ಮೇಲಿನಿಂದ ಆಯಿಯೇ ಓದತೊಡಗಿದರು. ಕ್ಯಾಲೆಂಡರಿನ ಹಿಂದಿನ ರಾಶಿಫಲ, ತಡವರಿಸುತ್ತ, ಮೇಷದಿಂದ ಮೀನದವರೆಗೆ. ಮುಗಿಸಿ, "ಈಗ ನಿನ್ನ ಪಾಳಿ" ಎಂದರು. ಪುಸ್ತಕ ತೆರೆದೆ.

ಕೊನೆಯ ಪರೀಕ್ಷೆ ಹತ್ತಿರವಿದ್ದ ಒಂದು ಮಧ್ಯಾಹ್ನ, ನೀರು ಕುಡಿಯಲು ಎದ್ದೆ. ಮೇಲಿನಿಂದ ಯಾರೂ ಕೇಳಲಿಲ್ಲ. ಮೆಟ್ಟಿಲು ಹತ್ತಿದೆ. ಆಯಿ ತಲೆದಿಂಬನ್ನು ಒಲೆಯ ಕಡೆಗೆ ಸರಿಸಿಕೊಂಡು ಮಲಗಿದ್ದರು. ಉಸಿರು ನಿಂತಿತ್ತು.

ಬಂಗ್ಲೆಗೆ ಬೀಗ ಬಿತ್ತು. ಪರೀಕ್ಷೆಗೆ ಮನೆಯಲ್ಲೇ, ಮಗ್ಗದ ಸದ್ದಿಗಿಂತ ಜೋರಾಗಿ ಓದಿದೆ. ಪಾಸಾದೆ. ನಮ್ಮ ಮನೆತನದಲ್ಲಿ ನಾನೇ ಮೊದಲು.

ಪ್ರಮಾಣಪತ್ರವನ್ನು ಮಾವನ ಕೈಗೇ ಕೊಟ್ಟೆ. ಆತ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ. ಮತ್ತೆ ನನ್ನ ಕಡೆಗೇ ಚಾಚಿದ.

"ನನಗ ಓದಾಕ ಬರಂಗಿಲ್ಲವಾ. ನೀನ ಓದು. ಬಾಯಿ ಬಿಟ್ಟು ಓದು."